ಯಾವ ಹೊತ್ತಿಗೆ ಯಾವ ಚಿತ್ರ

ಸೈನ್ಸ್ ಫಿಕ್ಷನ್ ಚಿತ್ರಗಳ ಮ್ಯಾರಥಾನ್ ಎಂದರೆ ಹತ್ತು ಹನ್ನೆರಡು ಚಿತ್ರಗಳನ್ನು ಒಂದರ ಬೆನ್ನಿಗೊಂದರಂತೆ, ಊಟ ತಿಂಡಿಗೆ ಏಳುವುದನ್ನು ಬಿಟ್ಟರೆ ಹಗಲಿರುಳು ಕೂತು ನೋಡುವ ರೂಢಿ. ಇದಕ್ಕೀಗ ಅರ್ಧ ಶತಮಾನದ ಇತಿಹಾಸವಿದೆ. ಅಮೆರಿಕದ ಬಾಸ್ಟನ್ ನಗರಕ್ಕೆ ಅಂಟಿಕೊಂಡಿರುವ ಕೇಂಬ್ರಿಜ್‌ನ ಆರ್ಸನ್ ವೆಲ್ಸ್ ಚಿತ್ರಮಂದಿರದಲ್ಲಿ 1976ರಲ್ಲಿ 24 ಗಂಟೆಗಳ ಇಂಥದೊಂದು ಪ್ರದರ್ಶನ ಶುರುವಾಯಿತು. ಹತ್ತು ವರ್ಷಗಳ ನಂತರ, 1986ರಲ್ಲಿ, ಆ ಚಿತ್ರಮಂದಿರ ಬೆಂಕಿಗೆ ಆಹುತಿಯಾದರೂ ರೂಢಿ ನಿಲ್ಲಲಿಲ್ಲ. ಬೇರೆ ಥಿಯೇಟರುಗಳಲ್ಲಿ ಅಲೆದಾಡಿ ಪಕ್ಕದ ಸಾಮರ್‌ವಿಲ್ ಥಿಯೇಟರಿನಲ್ಲಿ ನೆಲೆ ಕಂಡಿತು. ಫೆಬ್ರುವರಿಯ ಒಂದು ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಒಳಹೊಕ್ಕವರು ಸೋಮವಾರ ಮಧ್ಯಾಹ್ನ ಕಣ್ಣುಜ್ಜಿಕೊಳ್ಳುತ್ತ ಹೊರಬರುತ್ತಾರೆ. ಚಕ್ ಜೋನ್ಸ್ 1953ರಲ್ಲಿ ಮಾಡಿದ ‘ಡಕ್ ಡಾಜರ್ಸ್’ ಎಂಬ ಪುಟ್ಟ ಕಾರ್ಟೂನು ಅಲ್ಲಿ ವಾಡಿಕೆಯ ಮಂಗಳಾರಂಭ. ಕ್ಲೀವ್‌ಲ್ಯಾಂಡಿನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಫಿಲಂ ಸೊಸೈಟಿಯೂ ಎಪ್ಪತ್ತರ ದಶಕದಿಂದ ಇಂಥ ಮ್ಯಾರಥಾನ್ ನಡೆಸಿಕೊಂಡು ಬಂದಿದೆ. ಅಲ್ಲಿ ಕೆಲವು ಚಿತ್ರಗಳ ಹೆಸರು ಪರದೆಯ ಮೇಲೆ ಮೂಡುವವರೆಗೂ ಗುಟ್ಟು.

ಆ ಕಾಲದಲ್ಲಿ ಕಷ್ಟದ ಕೆಲಸವೆಂದರೆ ರೀಲುಗಳನ್ನು ಹೊಂದಿಸುವುದು. ಇವತ್ತು ದೊಡ್ಡ ಟಿವಿಯೋ ಬಾಡಿಗೆ ಪ್ರೊಜೆಕ್ಟರೋ ಇದ್ದರೆ ಹಾಲ್ ಕೋಣೆಯೇ ಥಿಯೇಟರು, ಚಿತ್ರಗಳಿಗೂ ಬರವಿಲ್ಲ. ಹಾಗಾಗಿ ಕಷ್ಟವೆಲ್ಲ ಆಯ್ಕೆಗೆ ಬಂದು ನಿಂತಿದೆ. ಲೆಕ್ಕ ಸರಳ: ಒಂದು ಚಿತ್ರಕ್ಕೆ ಸರಾಸರಿ 100 ನಿಮಿಷ, ನಡುವೆ 15 ನಿಮಿಷದ ಬಿಡುವು ಎಂದರೆ 24 ಗಂಟೆಗೆ ಹನ್ನೆರಡು ಚಿತ್ರ. ಎರಡೂವರೆ ಗಂಟೆಯ ಚಿತ್ರಗಳನ್ನೇ ಆರಿಸಿದರೆ ಎಂಟು ಹಿಡಿಸಿದರೆ ಹೆಚ್ಚು. ಬೆಳಗ್ಗೆ ಹತ್ತರಿಂದ ರಾತ್ರಿ ಹತ್ತರವರೆಗಿನ ಸಂಸಾರಸ್ಥರ ಮ್ಯಾರಥಾನಿಗೆ ಐದು ಚಿತ್ರ ಸಾಕು, ಆರನೆಯದು ದುರಾಸೆ.

ಹೆಚ್ಚಿನವರು ಎಡವುವುದು ಮೊದಲ ಹೆಜ್ಜೆಯಲ್ಲೇ. ‘ಸಾರ್ವಕಾಲಿಕ ಶ್ರೇಷ್ಠ ಹತ್ತು’ ಎಂಬ ಪಟ್ಟಿಯೊಂದನ್ನು ಎದುರಿಗಿಟ್ಟುಕೊಂಡು ಮೇಲಿನಿಂದ ಕೆಳಗೆ ನೋಡುತ್ತ ಹೋಗುತ್ತಾರೆ. ಅಂಥ ಪಟ್ಟಿಗಳಲ್ಲಿ ‘ಮೆಟ್ರೊಪೊಲಿಸ್’, ‘2001: ಎ ಸ್ಪೇಸ್ ಒಡಿಸ್ಸಿ’, ‘ಸೊಲಾರಿಸ್’, ‘ಸ್ಟಾಕರ್’, ‘ಬ್ಲೇಡ್ ರನ್ನರ್’, ‘ಇಂಟರ್‌ಸ್ಟೆಲ್ಲರ್’ ಇದ್ದೇ ಇರುತ್ತವೆ. ಬಿಡಿಬಿಡಿಯಾಗಿ ಒಂದೊಂದೂ ದೊಡ್ಡ ಕೃತಿಯೇ. ಆದರೆ ಆಂಡ್ರೇ ತಾರ್ಕೋವ್‌ಸ್ಕಿಯ ‘ಸೊಲಾರಿಸ್’ (1972) 167 ನಿಮಿಷ, ‘ಸ್ಟಾಕರ್’ (1979) ಹೆಚ್ಚುಕಡಿಮೆ ಅಷ್ಟೇ ಉದ್ದ. ಎರಡೂ ಮೆಲ್ಲಗೆ ಸಾಗುವಂಥವು, ಎರಡಕ್ಕೂ ಸಬ್‌ಟೈಟಲ್ ಓದಬೇಕು. ಇವೆರಡನ್ನು ಒಂದೇ ರಾತ್ರಿಗೆ ಹಾಕಿದರೆ ನೋಡುಗರು ಮಲಗಿಬಿಡುತ್ತಾರೆ, ತಪ್ಪು ತಾರ್ಕೋವ್‌ಸ್ಕಿಯ ತಲೆಗೆ ಬರುತ್ತದೆ. ಮ್ಯಾರಥಾನಿನಲ್ಲಿ ಚಿತ್ರದ ಯೋಗ್ಯತೆಯಷ್ಟೇ ಮುಖ್ಯವಾದ ಬೇರೆ ಎರಡು ಸಂಗತಿಗಳಿವೆ: ಅದು ಯಾವ ಹೊತ್ತಿಗೆ ಬರುತ್ತದೆ, ಅದರ ಹಿಂದುಮುಂದಿನ ಚಿತ್ರ ಯಾವುದು.

ಅದಕ್ಕೂ ಮೊದಲು ಬೇಲಿ ಎಲ್ಲಿ ಹಾಕಬೇಕೆಂಬ ಪ್ರಶ್ನೆ ಇದೆ. ಸೂಪರ್‌ಹೀರೋ ಚಿತ್ರಗಳು ಸೈನ್ಸ್ ಫಿಕ್ಷನ್ನೇ? ‘ಸ್ಟಾರ್ ವಾರ್ಸ್’ (1977) ರಾಕೆಟ್ಟಿನಲ್ಲಿ ಕೂತ ರಾಜಕುಮಾರಿಯ ಕಥೆಯಲ್ಲವೇ? ಈ ವಾದಕ್ಕೆ ಕೊನೆಯಿಲ್ಲ. ಆಯ್ಕೆಯ ಮಟ್ಟಿಗೆ ಒಂದು ಒರೆಗಲ್ಲು ಸಾಕು: ‘ಹೀಗಾದರೆ ಏನಾದೀತು’ ಎಂಬ ಒಂದು ಊಹೆಯನ್ನು ತೆಗೆದುಬಿಟ್ಟರೆ ಕಥೆ ಕುಸಿಯುತ್ತದೆಯೇ? ವಂಶವಾಹಿ ನೋಡಿ ಕೆಲಸ ಕೊಡುವ ಸಮಾಜವನ್ನು ತೆಗೆದರೆ ‘ಗ್ಯಾಟಕಾ’ (1997) ಉಳಿಯುವುದಿಲ್ಲ. ಮಕ್ಕಳೇ ಹುಟ್ಟದ ಜಗತ್ತನ್ನು ತೆಗೆದರೆ ‘ಚಿಲ್ಡ್ರನ್ ಆಫ್ ಮೆನ್’ (2006) ಇಲ್ಲ. ಅನ್ಯಗ್ರಹದ ಯಂತ್ರವನ್ನು ಬದಿಗಿಟ್ಟು ಅಲ್ಲಿ ಕಳ್ಳಸಾಗಣೆಯ ಪೆಟ್ಟಿಗೆ ಇಟ್ಟರೂ ನಡೆಯುವ ಹೊಡೆದಾಟದ ಚಿತ್ರವಾದರೆ ಅದನ್ನು ಬೇರೊಂದು ದಿನಕ್ಕೆ ಎತ್ತಿಡಬಹುದು. ಸರಣಿ ಚಿತ್ರಗಳ ವಿಷಯವೂ ಹಾಗೇ. ಒಂದೇ ಸರಣಿಯ ಆರೇಳು ಭಾಗಗಳನ್ನು ಸಾಲಾಗಿ ನೋಡುವುದು ಅಭಿಮಾನಿಗಳ ಹಬ್ಬ ಹೌದು. ಅಲ್ಲಿ ಆರಿಸುವ ಕೆಲಸ ಮಾತ್ರ ಇಲ್ಲ, ಅದನ್ನು ಸ್ಟುಡಿಯೋ ಆಗಲೇ ಮಾಡಿಯಾಗಿದೆ.

ವಿಷಯಸೂತ್ರವೊಂದನ್ನು ಹಿಡಿದು ಆರಿಸುವುದು ಎಲ್ಲರಿಗೂ ಹೊಳೆಯುವ ದಾರಿ. ಕಾಲಯಾನ, ರೋಬೋ, ಅನ್ಯಗ್ರಹ ಜೀವಿ, ಹಾಳುಬಿದ್ದ ಭೂಮಿ ಹೀಗೆ. ಇದು ನಾಲ್ಕು ಚಿತ್ರಗಳ ಸಂಜೆಗೆ ಚೆನ್ನ, ಹನ್ನೆರಡು ಚಿತ್ರಗಳ ದಿನಕ್ಕೆ ಅಲ್ಲ. ಕಾಲಯಾನದ ಐದನೆಯ ಚಿತ್ರದ ಹೊತ್ತಿಗೆ ಯಾರು ಯಾವ ವರ್ಷಕ್ಕೆ ಹೋಗಿ ಯಾರನ್ನು ತಡೆದರು ಎಂಬುದು ಕಲಸುಮೇಲೋಗರವಾಗಿ, ನೋಡುಗರು ಒಗಟು ಬಿಡಿಸುವ ಉಮೇದನ್ನೇ ಬಿಟ್ಟುಬಿಡುತ್ತಾರೆ. ಶೇನ್ ಕರೂತ್ ಕೇವಲ 7,000 ಡಾಲರಿನಲ್ಲಿ ಮಾಡಿದ ‘ಪ್ರೈಮರ್’ (2004) 77 ನಿಮಿಷದ್ದೇ ಆದರೂ ಪೂರ್ತಿ ಎಚ್ಚರದಲ್ಲಿದ್ದವರಿಗೂ ಮೊದಲ ಸಲಕ್ಕೆ ದಕ್ಕುವುದು ಅಪರೂಪ. ಅದನ್ನು ಒಂಬತ್ತನೆಯ ಚಿತ್ರವಾಗಿ ತೋರಿಸುವುದೆಂದರೆ ಬಂದವರ ಮೇಲೆ ಸೇಡು ತೀರಿಸಿಕೊಂಡಂತೆ.

ವಿಷಯಕ್ಕಿಂತ ವರ್ಷವನ್ನು ಹಿಡಿಯುವುದು ಎಷ್ಟೋ ವಾಸಿ. ಇದಕ್ಕೆ 1982ಕ್ಕಿಂತ ಒಳ್ಳೆಯ ವರ್ಷ ಸಿಗುವುದಿಲ್ಲ. ಆ ವರ್ಷ ಅಮೆರಿಕದಲ್ಲಿ ಜೂನ್ 4ಕ್ಕೆ ‘ಸ್ಟಾರ್ ಟ್ರೆಕ್’ ಸರಣಿಯ ಎರಡನೆಯ ಚಿತ್ರ ‘ದಿ ರಾತ್ ಆಫ್ ಖಾನ್’ ಬಂತು. ಜೂನ್ 11ಕ್ಕೆ ಸ್ಟೀವನ್ ಸ್ಪೀಲ್‌ಬರ್ಗ್‌ರ ‘ಇ.ಟಿ.’ ತೆರೆ ಕಂಡಿತು. ಜೂನ್ 25ರಂದು ಒಂದೇ ದಿನ ‘ಬ್ಲೇಡ್ ರನ್ನರ್’, ‘ದಿ ಥಿಂಗ್’ ಎರಡೂ ಬಂದವು. ಜುಲೈ 9ಕ್ಕೆ, ಕಂಪ್ಯೂಟರ್ ಚಿತ್ರಿಕೆಗಳನ್ನು ಅಷ್ಟು ಧಾರಾಳವಾಗಿ ಬಳಸಿದ ಮೊದಲಿಗರಲ್ಲೊಂದಾದ ‘ಟ್ರಾನ್’. ಐದು ವಾರಗಳಲ್ಲಿ ಐದು ಚಿತ್ರ. ಐದನ್ನೂ ಸೇರಿಸಿದರೆ ಒಂಬತ್ತು ಗಂಟೆಯ ಮೇಲೆ ಹತ್ತು ನಿಮಿಷ, ಬಿಡುವು ಕೂಡಿಸಿದರೆ ಹನ್ನೊಂದು ಗಂಟೆಯ ಒಂದು ದಿನ. ಒಂದೇ ಬೇಸಿಗೆಯ ಚಿತ್ರಗಳಾದರೂ ಒಂದಕ್ಕೊಂದು ಹೋಲಿಕೆಯಿಲ್ಲ: ಒಂದರಲ್ಲಿ ಅನ್ಯಗ್ರಹದ ಅತಿಥಿ ಮಕ್ಕಳ ಗೆಳೆಯ, ಇನ್ನೊಂದರಲ್ಲಿ ಅವನು ಅಂಟಾರ್ಕ್ಟಿಕದ ಹಿಮದಲ್ಲಿ ಮನುಷ್ಯರ ಮೈಯನ್ನೇ ತೊಟ್ಟುಕೊಳ್ಳುವ ರಾಕ್ಷಸ. ‘ಇ.ಟಿ.’ಗೆ ಮರುಳಾದ ಜನ ಎರಡೇ ವಾರಗಳ ನಂತರ ಬಂದ ‘ದಿ ಥಿಂಗ್’ ಕಡೆ ತಿರುಗಿಯೂ ನೋಡಲಿಲ್ಲ. ‘ಬ್ಲೇಡ್ ರನ್ನರ್’ ಕೂಡ ಆಗ ಸೋತ ಚಿತ್ರವೇ. ಎರಡೂ ಈಗ ಎಲ್ಲ ಪಟ್ಟಿಗಳಲ್ಲೂ ಇವೆ. ಆ ಬೇಸಿಗೆಯನ್ನು ಬಿಡುಗಡೆಯ ಕ್ರಮದಲ್ಲೇ ಮತ್ತೆ ನೋಡಿದರೆ ಅಂದಿನ ಪ್ರೇಕ್ಷಕರು ಯಾಕೆ ಹಾಗೆ ಮಾಡಿದರೆಂದು ಯಾರೂ ವಿವರಿಸಬೇಕಾಗುವುದಿಲ್ಲ. ‘ಇ.ಟಿ.’ಯ ಮಾತು ಬಂದಾಗ ಸತ್ಯಜಿತ್ ರಾಯ್ ಅವರನ್ನು ನೆನೆಯುವುದು ನ್ಯಾಯ. ಅವರು 1967ರಲ್ಲೇ, ತಮ್ಮದೇ ಬಂಗಾಳಿ ಕಥೆಯ ಎಳೆ ಹಿಡಿದು, ಹಳ್ಳಿಯ ಕೊಳಕ್ಕೆ ಬಂದಿಳಿಯುವ ಪುಟ್ಟ ಅನ್ಯಗ್ರಹ ಜೀವಿಯ ಚಿತ್ರಕಥೆ ಬರೆದಿದ್ದರು. ಕೊಲಂಬಿಯಾ ಸಂಸ್ಥೆಯೊಡನೆ ಮಾತುಕತೆಯೂ ನಡೆದಿತ್ತು. ಚಿತ್ರ ಆಗಲಿಲ್ಲ.

ಇನ್ನೊಂದು ದಾರಿ ಜೋಡಿಗಳದು. ಒಂದು ಚಿತ್ರ ನೋಡಿದ್ದರಿಂದ ಮುಂದಿನದು ಬೇರೆಯಾಗಿ ಕಾಣುವಂತಿದ್ದರೆ ಅದು ಒಳ್ಳೆಯ ಜೋಡಿ. ‘2001: ಎ ಸ್ಪೇಸ್ ಒಡಿಸ್ಸಿ’ (1968) ಮತ್ತು ಡಂಕನ್ ಜೋನ್ಸ್ ನಿರ್ದೇಶನದ ‘ಮೂನ್’ (2009) ಇದಕ್ಕೆ ತಕ್ಕ ಉದಾಹರಣೆ. ಸ್ಟ್ಯಾನ್ಲಿ ಕುಬ್ರಿಕ್‌ನ ಚಿತ್ರದಲ್ಲಿ ನೌಕೆಯನ್ನು ನಡೆಸುವ ಹಾಲ್ ಎಂಬ ಕಂಪ್ಯೂಟರಿನ ನಯವಾದ ದನಿ ಏನು ಮಾಡಿತೆಂಬುದನ್ನು ನೋಡಿದವರು ಮರೆಯುವುದಿಲ್ಲ. ‘ಮೂನ್’ನಲ್ಲಿ ಚಂದ್ರನ ಮೇಲಿನ ಗಣಿಯಲ್ಲಿ ಒಬ್ಬನೇ ದುಡಿಯುವ ಸ್ಯಾಮ್ ಬೆಲ್‌ಗೆ ಜೊತೆಯಾಗಿರುವುದು ಗರ್ಟಿ ಎಂಬ, ಅಷ್ಟೇ ನಯದ ದನಿಯ ಯಂತ್ರ. ‘2001’ ನೋಡಿ ಬಂದವರು ಗರ್ಟಿಯ ಒಂದೊಂದು ಮಾತನ್ನೂ ಅನುಮಾನದಿಂದ ಕೇಳುತ್ತಾರೆ. ಜೋನ್ಸ್‌ಗೆ ಬೇಕಾದದ್ದೂ ಅದೇ. ನೋಡುಗರ ನೆನಪನ್ನೇ ಆತ ತನ್ನ ಕಥೆಯ ಭಾಗ ಮಾಡಿಕೊಂಡಿದ್ದಾನೆ. ಸರದಿ ತಿರುಗಿಸಿದರೆ ಈ ಆಟ ಕೆಡುತ್ತದೆ. ಇನ್ನೊಂದು ನಂಟೂ ಇದೆ: ಜೋನ್ಸ್ ಗಾಯಕ ಡೇವಿಡ್ ಬೋವಿಯ ಮಗ. ಬೋವಿಗೆ ಹೆಸರು ತಂದ 1969ರ ‘ಸ್ಪೇಸ್ ಆಡಿಟಿ’ ಹಾಡು ಹುಟ್ಟಿದ್ದು ‘2001’ ನೋಡಿದ ಗುಂಗಿನಲ್ಲಿ.

ಇದಕ್ಕಿಂತ ಸೊಗಸಾದದ್ದು ಮೂರು ಚಿತ್ರಗಳ ಒಂದು ಸರಪಣಿ. ಜಾನ್ ಕಾರ್ಪೆಂಟರ್ ಮತ್ತು ಡ್ಯಾನ್ ಒಬ್ಯಾನನ್ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದಾಗ ಕೈಕಾಸಿನಲ್ಲಿ ಶುರುಮಾಡಿದ ಚಿತ್ರವೊಂದು ಬೆಳೆದು ‘ಡಾರ್ಕ್ ಸ್ಟಾರ್’ (1974) ಆಯಿತು. ಬಾಹ್ಯಾಕಾಶದಲ್ಲಿ ವರ್ಷಗಟ್ಟಲೆ ಕೂತು ಬೇಸತ್ತ ನಾಲ್ವರು, ತತ್ವಶಾಸ್ತ್ರ ಮಾತಾಡುವ ಒಂದು ಬಾಂಬು, ನೌಕೆಯೊಳಗೆ ತಪ್ಪಿಸಿಕೊಂಡು ಓಡಾಡುವ ಒಂದು ಅನ್ಯಗ್ರಹ ಜೀವಿ. ಆ ಜೀವಿ ಬೇರೇನಲ್ಲ, ಬಣ್ಣ ಬಳಿದ ಬೀಚ್ ಬಾಲು. ದುಡ್ಡಿಲ್ಲದ್ದರಿಂದ ಅದು ನಗೆಯ ವಸ್ತುವಾಯಿತು. ಆಮೇಲೆ ಇಬ್ಬರೂ ಬೇರೆಬೇರೆ ದಾರಿ ಹಿಡಿದರು. ನೌಕೆಯೊಳಗೆ ತಪ್ಪಿಸಿಕೊಂಡ ಅದೇ ಜೀವಿಯನ್ನು ನಗೆಯ ಬದಲು ಭಯಕ್ಕೆ ಒಗ್ಗಿಸಿ ಒಬ್ಯಾನನ್ ಬರೆದದ್ದು ‘ಏಲಿಯನ್’ (1979). ನಿರ್ದೇಶಕ ರಿಡ್ಲಿ ಸ್ಕಾಟ್. ಕಾರ್ಪೆಂಟರ್ ನಿರ್ದೇಶಿಸಿದ್ದು ‘ದಿ ಥಿಂಗ್’ (1982). ಮೂರರಲ್ಲೂ ಹೊರಗೆ ಹೋಗಲು ದಾರಿಯಿಲ್ಲದ ಒಂದು ಜಾಗ, ಒಬ್ಬರ ಮುಖ ಒಬ್ಬರಿಗೆ ಸಾಕಾಗಿಹೋದ ಕೆಲಸಗಾರರು, ಒಳನುಗ್ಗಿದ ಒಂದು ಜೀವಿ. 83, 117, 109 ನಿಮಿಷಗಳ ಈ ಮೂರನ್ನು ಇದೇ ಸರದಿಯಲ್ಲಿ ನೋಡಿದವರಿಗೆ ಬೀಚ್ ಬಾಲಿಗೆ ನಕ್ಕ ನಗೆ ಎರಡು ಗಂಟೆಯೊಳಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಆಯ್ಕೆಯಾದ ಚಿತ್ರಗಳಿಗೆ ಹೊತ್ತು ಗೊತ್ತುಮಾಡುವುದು ಮುಂದಿನ ಕೆಲಸ. ಕರಾವಳಿಯ ರಾತ್ರಿಯಿಡೀ ನಡೆಯುವ ಯಕ್ಷಗಾನದ ಮೇಳಗಳಿಗೆ ಈ ಲೆಕ್ಕ ಹಳೆಯದು. ಜನ ತೂಕಡಿಸುವ ಹೊತ್ತಿಗೆ ಚೆಂಡೆಯ ಅಬ್ಬರದೊಡನೆ ಬಣ್ಣದ ವೇಷ ರಂಗಕ್ಕೆ ಬರುವುದು ಆಕಸ್ಮಿಕವಲ್ಲ. ಚಿತ್ರಗಳ ಮ್ಯಾರಥಾನಿನಲ್ಲೂ ದಿನಕ್ಕೆ ತನ್ನದೇ ಏರಿಳಿತವಿದೆ. ಮೊದಲ ಎರಡು ಗಂಟೆ ಎಲ್ಲರೂ ಲವಲವಿಕೆಯಿಂದಿರುತ್ತಾರೆ, ಮಾತೂ ಜಾಸ್ತಿ. ಮಧ್ಯಾಹ್ನದ ಊಟದ ನಂತರ ಮೊದಲ ಜೋಂಪು. ಸಂಜೆ ಐದರಿಂದ ರಾತ್ರಿ ಹತ್ತರವರೆಗೆ ಗಮನ ಗಟ್ಟಿ. ಕಷ್ಟದ ಚಿತ್ರಗಳಿಗೆ ಅದೇ ಕಾಲ. ನಡುರಾತ್ರಿ ಭಯಕ್ಕೆ ಹೇಳಿಮಾಡಿಸಿದ್ದು. ಮೂರರಿಂದ ಆರರವರೆಗಿನದು ಗಂಡಾಂತರದ ಅವಧಿ; ಆಗ ಮೈ ನಿದ್ದೆಗಾಗಿ ಹಟ ಹಿಡಿಯುತ್ತದೆ, ಕಣ್ಣು ಸಬ್‌ಟೈಟಲ್ ಓದಲು ಒಪ್ಪುವುದಿಲ್ಲ. ಓದಿ ತಿಳಿಯಬೇಕಾದ ಚಿತ್ರಗಳನ್ನು ಆ ಮೂರು ಗಂಟೆಗಳಿಂದ ದೂರ ಇಡುವುದು ಪಾಲಿಸಲೇಬೇಕಾದ ನಿಯಮ. ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಅವರಿಗೆ ಇಂಗ್ಲಿಷ್ ಚಿತ್ರಗಳೂ ಅರ್ಧ ಕೇಳುವ, ಅರ್ಧ ಓದುವ ಚಿತ್ರಗಳೇ. ಬೆಳಕು ಹರಿದರೆ ಮನಸ್ಸು ತಾನಾಗಿ ತಿಳಿಯಾಗುತ್ತದೆ.

ಇಷ್ಟನ್ನು ಲೆಕ್ಕಕ್ಕೆ ಹಿಡಿದು ಶನಿವಾರ ಮಧ್ಯಾಹ್ನದಿಂದ ಭಾನುವಾರ ಮಧ್ಯಾಹ್ನದವರೆಗಿನ ಒಂದು ಸರದಿಯನ್ನು ಕಟ್ಟಬಹುದು.

ಹನ್ನೆರಡು ಗಂಟೆಗೆ ಜಾರ್ಜ್ ಮೆಲಿಯೆಸ್‌ನ ‘ಎ ಟ್ರಿಪ್ ಟು ದಿ ಮೂನ್’ (1902). ಜಾದೂಗಾರನಾಗಿದ್ದು ಚಿತ್ರಕಾರನಾದ ಫ್ರೆಂಚ್ ಮನುಷ್ಯ; ಚಂದ್ರನ ಕಣ್ಣಿಗೆ ಫಿರಂಗಿ ಗುಂಡು ನೆಟ್ಟುಕೊಳ್ಳುವ ಅವನ ಚಿತ್ರ ಕಾಲು ಗಂಟೆಯೊಳಗೆ ಮುಗಿಯುತ್ತದೆ. ತಡವಾಗಿ ಬರುವವರು ಹೇಗೂ ಇರುತ್ತಾರಾದ್ದರಿಂದ ಮೊದಲಿಗೆ ಚಿಕ್ಕದಿರುವುದೇ ಕ್ಷೇಮ. ಅದರ ಬೆನ್ನಿಗೇ ರಾಬರ್ಟ್ ವೈಸ್ ನಿರ್ದೇಶನದ ‘ದಿ ಡೇ ದಿ ಅರ್ತ್ ಸ್ಟುಡ್ ಸ್ಟಿಲ್’ (1951), 92 ನಿಮಿಷ. ವಾಷಿಂಗ್ಟನ್ನಿನಲ್ಲಿ ಹಾರುವ ತಟ್ಟೆಯೊಂದು ಇಳಿಯುತ್ತದೆ, ಸೈನ್ಯ ಸುತ್ತುವರಿಯುತ್ತದೆ, ಬಂದವನು ಶಾಂತಿಯ ಮಾತಾಡಿದರೂ ಯಾರದೋ ಬಂದೂಕು ಸಿಡಿಯುತ್ತದೆ. ಶೀತಲ ಸಮರದ ಕಾಲದ ಆ ನೇರ ಕಥನಕ್ಕೆ ಇಂದಿಗೂ ವಯಸ್ಸಾಗಿಲ್ಲ. ಬರ್ನಾರ್ಡ್ ಹರ್ಮನ್ ಅದರಲ್ಲಿ ಬಳಸಿದ ಥೆರಮಿನ್ ವಾದ್ಯದ ಊಳಿಡುವ ದನಿಯನ್ನು ಆಮೇಲಿನ ಅಗ್ಗದ ಚಿತ್ರಗಳು ಎಷ್ಟು ಎರವಲು ಪಡೆದವೆಂದರೆ, ಈಗ ಅದು ಅನ್ಯಗ್ರಹದ ಅಧಿಕೃತ ಸಂಗೀತವೇ ಆಗಿಬಿಟ್ಟಿದೆ.

ಊಟದ ನಂತರದ ಜೋಂಪಿಗೆ ಹಾಡು, ನಗೆ, ಬಣ್ಣ ಬೇಕು. ಸಿಂಗೀತಂ ಶ್ರೀನಿವಾಸರಾವ್ ಅವರ ತೆಲುಗು ಚಿತ್ರ ‘ಆದಿತ್ಯ 369’ (1991) ಆ ಜಾಗಕ್ಕೆ ಹೊಂದುತ್ತದೆ. ಎಚ್.ಜಿ. ವೆಲ್ಸ್‌ನ ಕಾಲಯಂತ್ರವನ್ನು ಹೈದರಾಬಾದಿನ ವಿಜ್ಞಾನಿಯೊಬ್ಬನ ಮನೆಯಲ್ಲಿಟ್ಟು, ನಾಯಕ ಬಾಲಕೃಷ್ಣನನ್ನು ಕೃಷ್ಣದೇವರಾಯನ ವಿಜಯನಗರಕ್ಕೆ ಕಳಿಸುವ ಈ ಚಿತ್ರ ಆಮೇಲೆ ಅಣುಯುದ್ಧ ಮುಗಿದ ಭವಿಷ್ಯಕ್ಕೂ ಹಾರುತ್ತದೆ. ಕೃಷ್ಣದೇವರಾಯನೂ ಬಾಲಕೃಷ್ಣನೇ. ಇಂಗ್ಲಿಷ್ ಕಾಲಯಾನದ ಚಿತ್ರಗಳಲ್ಲಿ ಭವಿಷ್ಯಕ್ಕಿರುವ ಬೆಲೆ ಇಲ್ಲಿ ಭೂತಕಾಲಕ್ಕಿದೆ. ಚಿತ್ರದ ಜೀವ ಇರುವುದು ತೆನಾಲಿ ರಾಮಕೃಷ್ಣನಿರುವ ಆಸ್ಥಾನದ ದೃಶ್ಯಗಳಲ್ಲೇ. ಸಿಂಗೀತಂ ಕನ್ನಡಕ್ಕೆ ಹೊಸಬರಲ್ಲ. ‘ಹಾಲು ಜೇನು’, ‘ಚಲಿಸುವ ಮೋಡಗಳು’ ಚಿತ್ರಗಳಲ್ಲಿ ರಾಜ್‌ಕುಮಾರ್ ಅವರನ್ನು ನಿರ್ದೇಶಿಸಿದವರು, ಬೆಂಗಳೂರಿನ ಹಿನ್ನೆಲೆಯಲ್ಲಿ ಮಾತೇ ಇಲ್ಲದ ‘ಪುಷ್ಪಕ ವಿಮಾನ’ ಮಾಡಿದವರು ಅವರೇ. ಸುಮಾರು ಎರಡೂ ಕಾಲು ಗಂಟೆಯ ಚಿತ್ರಕ್ಕೆ ಇಂಟರ್ವಲ್ ಇರುವುದರಿಂದ ಕಾಫಿಗೆ ಬೇರೆ ಬಿಡುವು ಬೇಕಿಲ್ಲ.

ಐದಕ್ಕೆ ‘2001’. ಇದಕ್ಕೆ ಎರಡೂವರೆ ಗಂಟೆ, ಪೂರ್ತಿ ಕತ್ತಲೆ, ಆರಿಸಿದ ಮೊಬೈಲುಗಳು ಬೇಕು. ಮೊದಲ 25 ನಿಮಿಷ ಒಂದು ಮಾತೂ ಇಲ್ಲ. ಕೊನೆಯ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕಾಲವೂ ಹಾಗೇ. ನಡುವಿನ ವಿರಾಮವನ್ನು ಕುಬ್ರಿಕ್ ತಾನೇ ಗೊತ್ತುಮಾಡಿದ್ದಾನೆ, ಅದೂ ಕುತೂಹಲ ನೆತ್ತಿಗೇರಿದ ಕ್ಷಣದಲ್ಲಿ. ಅಲ್ಲಿ ನಿಲ್ಲಿಸಿದರೆ ಹತ್ತು ನಿಮಿಷ ಯಾರೂ ಬೇರೆ ವಿಷಯ ಮಾತಾಡುವುದಿಲ್ಲ. ರಾತ್ರಿಯೂಟ ಮುಗಿಸಿ ಎಂಟೂಕಾಲಿನ ಸುಮಾರಿಗೆ ‘ಮೂನ್’, 97 ನಿಮಿಷ. ಹತ್ತೂಕಾಲಿಗೆ ‘ಡಾರ್ಕ್ ಸ್ಟಾರ್’, ಹನ್ನೆರಡಕ್ಕೆ ಹತ್ತು ನಿಮಿಷ ಇದ್ದಂತೆ ‘ಏಲಿಯನ್’, ಎರಡರ ಮೇಲೆ ‘ದಿ ಥಿಂಗ್’. ‘ಏಲಿಯನ್’ ಚಿತ್ರದ ಅತಿ ಪ್ರಸಿದ್ಧ ದೃಶ್ಯ ನಡೆಯುವುದು ಊಟದ ಮೇಜಿನ ಸುತ್ತ; ಚಿತ್ರದ ಜೊತೆಗೆ ತಿನಿಸು ಹಂಚುವ ಯೋಚನೆ ಇದ್ದವರು ಅದನ್ನು ಕೈಬಿಡುವುದು ಒಳಿತು. ಮಕ್ಕಳಿದ್ದರೆ ಹತ್ತು ಗಂಟೆಗೇ ಅವರನ್ನು ಮಲಗಿಸಬೇಕು. ಈ ರಾತ್ರಿಯ ಮೂರು ಚಿತ್ರಗಳೂ ಅವರಿಗಲ್ಲ.

ನಾಲ್ಕರಿಂದ ಆರರ ಗಂಡಾಂತರಕ್ಕೆ ಜಾರ್ಜ್ ಮಿಲ್ಲರ್‌ನ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ (2015). ನೀರು, ಪೆಟ್ರೋಲು ಎರಡೂ ಬತ್ತಿದ ಲೋಕದಲ್ಲಿ ಎರಡು ಗಂಟೆಗಳ ಒಂದೇ ಬೆನ್ನಟ್ಟುವಿಕೆ. ಹೋಗುವುದು, ಮತ್ತೆ ಅದೇ ದಾರಿಯಲ್ಲಿ ಬರುವುದು, ಇಷ್ಟೇ ಕಥೆ. ಮಾತು ಕಡಿಮೆ, ಸದ್ದು ಸಾಕಷ್ಟು. ಹತ್ತು ನಿಮಿಷ ಕಣ್ಣು ಮುಚ್ಚಿದವರಿಗೂ ಎಳೆ ತಪ್ಪುವುದಿಲ್ಲ. ಆ ಗದ್ದಲ ಮುಗಿದು ಬೆಳಕು ಮೂಡುವ ಹೊತ್ತಿಗೆ ‘ವಾಲ್-ಇ’ (2008). ಮನುಷ್ಯರು ಬಿಟ್ಟುಹೋದ ಕಸವನ್ನು ಒಬ್ಬನೇ ಗುಡಿಸುತ್ತಿರುವ ಪುಟ್ಟ ರೋಬೋದ ಈ ಅನಿಮೇಷನ್ ಚಿತ್ರದ ಮೊದಲ ಭಾಗದಲ್ಲಿ ಸಂಭಾಷಣೆ ಇಲ್ಲವೆನ್ನುವಷ್ಟು ಕಡಿಮೆ. ಎದ್ದ ಮಕ್ಕಳೂ ಬಂದು ಸೇರಿಕೊಳ್ಳಬಹುದು. ಹಾಲ್ ಕಂಪ್ಯೂಟರಿನ ಒಂಟಿ ಕೆಂಪು ಕಣ್ಣು ಇದರಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಹಿಂದಿನ ಸಂಜೆ ‘2001’ ನೋಡಿದವರು ಅದನ್ನು ಕಂಡು ನಗುತ್ತಾರೆ, ಆಗಷ್ಟೇ ಎದ್ದು ಬಂದವರು ಯಾಕೆಂದು ಕೇಳುತ್ತಾರೆ.

ತಿಂಡಿಯ ನಂತರ ಒಂಬತ್ತಕ್ಕೆ ಕ್ರಿಸ್ ಮಾರ್ಕರ್‌ನ ‘ಲಾ ಜೆಟೇ’ (1962). 28 ನಿಮಿಷದ ಈ ಫ್ರೆಂಚ್ ಚಿತ್ರ ಬಹುತೇಕ ಸ್ಥಿರಚಿತ್ರಗಳಿಂದಲೇ ಕಟ್ಟಿದ್ದು: ಯುದ್ಧದಲ್ಲಿ ನಾಶವಾದ ಪ್ಯಾರಿಸ್ಸಿನ ನೆಲಮಾಳಿಗೆ, ಬಾಲ್ಯದಲ್ಲಿ ಕಂಡ ಒಂದು ಮುಖದ ನೆನಪಿಗೆ ಜೋತುಬಿದ್ದು ಹಿಂದಿನ ಕಾಲಕ್ಕೆ ಹೋಗುವ ಒಬ್ಬ ಕೈದಿ. ಇಡೀ ಚಿತ್ರದಲ್ಲಿ ಒಮ್ಮೆ ಮಾತ್ರ, ಕೆಲವೇ ಕ್ಷಣ, ಚಿತ್ರ ಚಲಿಸುತ್ತದೆ. ಇಪ್ಪತ್ತು ಗಂಟೆ ಚಲನೆಯನ್ನೇ ನೋಡಿ ದಣಿದ ಕಣ್ಣಿಗೆ ಆ ಒಂದು ಚಲನೆ ಬೀರುವ ಪರಿಣಾಮ ಬೇರೆ ಯಾವ ಹೊತ್ತಿನಲ್ಲೂ ಸಿಗದು. ಟೆರಿ ಗಿಲಿಯಂನ ‘12 ಮಂಕೀಸ್’ (1995) ಇದೇ ಕಥೆಯನ್ನು ಹಿಗ್ಗಿಸಿದ್ದು. ಎರಡನ್ನೂ ತೋರಿಸುವ ಆಸೆ ಸಹಜ, ಆದರೆ ಮುಗಿಯುವುದು ಎಲ್ಲಿಗೆಂದು ಮೊದಲನೆಯದೇ ಹೇಳಿಬಿಡುತ್ತದೆ. ಕೊನೆಯದಾಗಿ ಡೆನಿ ವಿಲ್‌ನವ್ ನಿರ್ದೇಶನದ ‘ಅರೈವಲ್’ (2016), 116 ನಿಮಿಷ. ಟೆಡ್ ಚಿಯಾಂಗ್ ಬರೆದ ಕಥೆ ಅದರ ಆಧಾರ. ಹನ್ನೆರಡು ನೌಕೆಗಳು ಭೂಮಿಗಿಳಿಯುತ್ತವೆ, ಸೈನ್ಯ ಸುತ್ತುವರಿಯುತ್ತದೆ. ಮೊದಲ ದಿನ ಮಧ್ಯಾಹ್ನ ಕಂಡ 1951ರ ಸನ್ನಿವೇಶವೇ. ಆದರೆ ಇಲ್ಲಿ ಕರೆಸುವುದು ಭಾಷಾವಿಜ್ಞಾನಿಯನ್ನು. ಅಲ್ಲಿ ಅತಿಥಿ ಚೊಕ್ಕ ಇಂಗ್ಲಿಷಿನಲ್ಲಿ ಎಚ್ಚರಿಕೆ ಕೊಟ್ಟಿದ್ದ. ಇಲ್ಲಿ ಒಂದು ಪ್ರಶ್ನೆ ಕೇಳಲು ಏನೆಲ್ಲ ಕಲಿಯಬೇಕೆಂಬುದೇ ಕಥೆ. ಹನ್ನೆರಡಕ್ಕೆ ಹತ್ತು ಹದಿನೈದು ನಿಮಿಷ ಇರುವಾಗ ಮುಗಿಯುತ್ತದೆ.

ಈ ಸರದಿಯಲ್ಲಿ ‘ಬ್ಲೇಡ್ ರನ್ನರ್’ ಇಲ್ಲ, ‘ಮೆಟ್ರೊಪೊಲಿಸ್’ ಇಲ್ಲ. ಬಿಟ್ಟದ್ದು ಬೇಕೆಂದೇ. ‘ಬ್ಲೇಡ್ ರನ್ನರ್’ ಮಳೆ, ಕತ್ತಲೆ, ಹೊಗೆಯ ಚಿತ್ರ. ಸಂಜೆ ‘2001’ರ ಜಾಗದಲ್ಲಾದರೆ ಸರಿ, ಅದರ ಪಕ್ಕದಲ್ಲಲ್ಲ. ‘ಮೆಟ್ರೊಪೊಲಿಸ್’ ಸೇರಿಸುವುದಾದರೆ ಮೆಲಿಯೆಸ್‌ನ ನಂತರ ಅದನ್ನಿಟ್ಟು ‘ಆದಿತ್ಯ 369’ನ್ನು ಬಿಡಬೇಕಾಗುತ್ತದೆ. ಎರಡೂವರೆ ಗಂಟೆಯ ಮೂಕಿ ಚಿತ್ರಕ್ಕೆ ಊಟದ ನಂತರದ ಹೊತ್ತು ಅಪಾಯದ್ದೇ.

ಭಾರತೀಯ ಚಿತ್ರಗಳಲ್ಲಿ ಆಯ್ಕೆಗೆ ಅಡ್ಡಿ ಬರುವುದು ಗುಣಕ್ಕಿಂತ ಉದ್ದ. ‘ಕಲ್ಕಿ 2898 ಎ.ಡಿ.’ (2024) ಮೂರು ಗಂಟೆ. ರಜನಿಕಾಂತರ ‘ಎಂದಿರನ್’ (2010) ಕೂಡ ಮೂರು ಗಂಟೆಗೆ ಸ್ವಲ್ಪವೇ ಕಡಿಮೆ. ಒಂದೊಂದೂ ಎರಡು ಚಿತ್ರಗಳ ಜಾಗ ತಿನ್ನುತ್ತದೆ. ಇತಿಹಾಸದ ಕುತೂಹಲಕ್ಕೆ ಎಂ.ಜಿ. ರಾಮಚಂದ್ರನ್ ಅನ್ಯಗ್ರಹಕ್ಕೆ ಹೋಗುವ ತಮಿಳಿನ ‘ಕಲೈ ಅರಸಿ’ (1963), ದಾರಾ ಸಿಂಗ್ ಚಂದ್ರನ ಮೇಲಿಳಿಯುವ ಹಿಂದಿಯ ‘ಚಾಂದ್ ಪರ್ ಚಢಾಯಿ’ (1967) ಇವೆ. ಇವನ್ನು ಪೂರ್ತಿ ತೋರಿಸುವುದಕ್ಕಿಂತ ಒಂದೆರಡು ದೃಶ್ಯಗಳನ್ನು ಬಿಡುವಿನ ಹೊತ್ತಿನಲ್ಲಿ ತೋರಿಸುವುದೇ ಹೆಚ್ಚು ಮಜಾ. ಮಲಯಾಳಂನ ‘ಆಂಡ್ರಾಯ್ಡ್ ಕುಂಞಪ್ಪನ್’ (2019) ಹಾಗಲ್ಲ. ಹಳ್ಳಿಯ ಹಟಮಾರಿ ಮುದುಕನನ್ನು ನೋಡಿಕೊಳ್ಳಲು ಮಗ ರೋಬೋ ತಂದಿಟ್ಟರೆ ಏನಾದೀತೆಂಬ ಒಂದೇ ಊಹೆಯನ್ನು ಅದು ಕೊನೆಯವರೆಗೂ ಕೈಬಿಡುವುದಿಲ್ಲ. ಊಟದ ನಂತರದ ಜಾಗಕ್ಕೆ ‘ಆದಿತ್ಯ’ನಿಗೆ ಸರಿಸಾಟಿ.

ಕನ್ನಡದ ಬುಟ್ಟಿ ಚಿಕ್ಕದು. ಉಪೇಂದ್ರ ರೋಬೋ ಆದ ‘ಹಾಲಿವುಡ್’ (2002), ಕಾಲಯಾನದ ‘ಬ್ಲಿಂಕ್’ (2024) ನೆನಪಿಗೆ ಬರುತ್ತವೆ. ಪವನ್ ಕುಮಾರ್ ನಿರ್ದೇಶನದ ‘ಲೂಸಿಯಾ’ (2013) ಸೈನ್ಸ್ ಫಿಕ್ಷನ್ನೇ ಎಂದು ತಗಾದೆ ತೆಗೆಯುವವರಿದ್ದಾರೆ. ಬಯಸಿದ ಕನಸನ್ನು ರಾತ್ರಿ ರಾತ್ರಿಯೂ ಮುಂದುವರಿಸುವ ಒಂದು ಮಾತ್ರೆ ಇಲ್ಲದಿದ್ದರೆ ಆ ಕಥೆ ನಿಲ್ಲುವುದಿಲ್ಲ. ಮೇಲೆ ಹೇಳಿದ ಒರೆಗಲ್ಲನ್ನು ಅದು ದಾಟುತ್ತದೆ. ಪ್ರೇಕ್ಷಕರಿಂದಲೇ ಹಣ ಒಟ್ಟುಗೂಡಿಸಿ ಮಾಡಿದ ಈ ಚಿತ್ರದ ನಾಯಕ ಹಳೆಯ ಟಾಕೀಸಿನಲ್ಲಿ ಟಾರ್ಚು ಬಿಡುವವನು, ನಿದ್ದೆ ಬಾರದವನು. ನಿದ್ದೆಗೆಡುವುದಕ್ಕೇ ಸೇರಿದವರ ನಡುವೆ ಅವನಿಗೆ ಒಂದು ಜಾಗ ಸಿಗಲೇಬೇಕು. ಎರಡು ಲೋಕಗಳ ನಡುವೆ ಓಡಾಡುವ ಚಿತ್ರವಾದ್ದರಿಂದ ನಡುರಾತ್ರಿ ಬೇಡ. ರಾತ್ರಿಯೂಟದ ನಂತರ ‘ಮೂನ್’ ಬದಲಿಗೆ ಆಗಬಹುದು.

ಹೆಸರು ಗೊತ್ತಾದ ಮೇಲೆ ಯಾವ ಆವೃತ್ತಿ ಎಂಬುದನ್ನೂ ನೋಡಿಕೊಳ್ಳಬೇಕು. ಈ ಪ್ರಕಾರದಲ್ಲಿ ಒಂದೇ ಹೆಸರಿನ ಚಿತ್ರಗಳು ಹಲವಿವೆ: ‘ದಿ ಡೇ ದಿ ಅರ್ತ್ ಸ್ಟುಡ್ ಸ್ಟಿಲ್’ 2008ರಲ್ಲಿ, ‘ದಿ ಥಿಂಗ್’ 2011ರಲ್ಲಿ, ‘ಸೊಲಾರಿಸ್’ 2002ರಲ್ಲಿ ಮತ್ತೆ ಬಂದವು. ಒಂದೇ ಚಿತ್ರಕ್ಕೂ ಹಲವು ರೂಪಗಳಿವೆ. ‘ಬ್ಲೇಡ್ ರನ್ನರ್’ 1982ರಲ್ಲಿ ಬಂದಾಗ ಅದಕ್ಕೆ ನಾಯಕನ ನಿರೂಪಣೆಯನ್ನೂ ಸುಖಾಂತ್ಯವನ್ನೂ ಅಂಟಿಸಲಾಗಿತ್ತು. ಆ ಕೊನೆಯ ಬೆಟ್ಟಗುಡ್ಡದ ದೃಶ್ಯಗಳು ಕುಬ್ರಿಕ್‌ನ ‘ದಿ ಶೈನಿಂಗ್’ ಚಿತ್ರಕ್ಕೆ ತೆಗೆದು ಉಳಿದವು. 1992ರಲ್ಲಿ ಎರಡನ್ನೂ ಕಿತ್ತ ರೂಪ ಬಂತು. ನೋಡಬೇಕಾದದ್ದು 2007ರ ‘ಫೈನಲ್ ಕಟ್’. ಇಶಿರೋ ಹೋಂಡಾನ ‘ಗಾಡ್ಜಿಲಾ’ದಲ್ಲಿ ವ್ಯತ್ಯಾಸ ಇನ್ನೂ ಗಂಭೀರ. 1954ರ ಮಾರ್ಚಿನಲ್ಲಿ ಬಿಕಿನಿ ದ್ವೀಪದಲ್ಲಿ ಅಮೆರಿಕ ನಡೆಸಿದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ಬೂದಿ ಜಪಾನಿನ ಮೀನುಗಾರರ ದೋಣಿಯೊಂದರ ಮೇಲೆ ಬಿತ್ತು. ಅದೇ ನವೆಂಬರಿನಲ್ಲಿ ತೆರೆಗೆ ಬಂದ ಚಿತ್ರದ ಕಿಚ್ಚು ಆ ಘಟನೆಯದು. ಎರಡು ವರ್ಷಗಳ ನಂತರ ಅಮೆರಿಕದಲ್ಲಿ ಬಿಡುಗಡೆಯಾದ ರೂಪದಲ್ಲಿ ರೇಮಂಡ್ ಬರ್ ಎಂಬ ಕೆನಡಾ ಮೂಲದ ನಟನ ದೃಶ್ಯಗಳನ್ನು ಸೇರಿಸಿ, ಮೂಲದ ಕಹಿಯನ್ನು ತೆಳುಮಾಡಲಾಯಿತು. 96 ನಿಮಿಷದ ಜಪಾನಿ ಮೂಲವನ್ನೇ ಹುಡುಕಬೇಕು. ‘ಮೆಟ್ರೊಪೊಲಿಸ್’ 1927ರಲ್ಲಿ ಬರ್ಲಿನ್ನಿನಲ್ಲಿ ಬಿಡುಗಡೆಯಾದ ಮೇಲೆ ತುಂಡು ತುಂಡಾಗಿ, ಕಾಲು ಭಾಗ ಕಳೆದೇಹೋಗಿತ್ತು. 2008ರಲ್ಲಿ ಬ್ಯೂನಸ್ ಐರಿಸ್‌ನ ಚಿತ್ರ ಸಂಗ್ರಹಾಲಯದಲ್ಲಿ ಗೀರುಬಿದ್ದ 16 ಎಂಎಂ ಪ್ರತಿಯೊಂದು ಸಿಕ್ಕಿತು, 2010ರಲ್ಲಿ ಹೆಚ್ಚುಕಡಿಮೆ ಪೂರ್ತಿ ಚಿತ್ರ ಮತ್ತೆ ಜೋಡಣೆಯಾಯಿತು. ಜಾರ್ಜಿಯೊ ಮೊರೋಡರ್ 1984ರಲ್ಲಿ ಪಾಪ್ ಹಾಡುಗಳನ್ನು ಹಾಕಿ ಮಾಡಿದ 80 ಚಿಲ್ಲರೆ ನಿಮಿಷದ ರೂಪವೂ ಇದೆ. ಪಂಡಿತರು ಮೂಗು ಮುರಿದರೂ ನಿದ್ದೆಯ ಹೊತ್ತಿಗೆ ಅದೇ ವಾಸಿ. ಮೆಲಿಯೆಸ್‌ನ ಚಿತ್ರದ ಕೈಯಿಂದ ಬಣ್ಣ ತುಂಬಿದ ಪ್ರತಿ 1993ರಲ್ಲಿ ಬಾರ್ಸಿಲೋನಾದಲ್ಲಿ ಪತ್ತೆಯಾಗಿ 2011ರಲ್ಲಿ ದುರಸ್ತಿಗೊಂಡಿತು. ಕಪ್ಪು-ಬಿಳುಪಿನ ಪ್ರತಿಗಿಂತ ಅದು ಮೇಲು.

ಇನ್ನು ಉಳಿದವು ಸಣ್ಣ ವಿಷಯಗಳು. ಹಳೆಯ ಚಿತ್ರಗಳ ಸದ್ದಿನ ಮಟ್ಟ ತಗ್ಗು, ಹೊಸವುಗಳದು ಜೋರು. ಪ್ರತಿ ಚಿತ್ರದ ಮೊದಲ ನಿಮಿಷದಲ್ಲೇ ವಾಲ್ಯೂಮ್ ಸರಿಮಾಡದಿದ್ದರೆ ‘ಫ್ಯೂರಿ ರೋಡ್’ ಶುರುವಾದಾಗ ಅಕ್ಕಪಕ್ಕದ ಮನೆಯವರೂ ಏಳುತ್ತಾರೆ. ಒಟಿಟಿ ತಾಣಗಳಲ್ಲಿ ಇವತ್ತಿದ್ದ ಚಿತ್ರ ಮುಂದಿನ ತಿಂಗಳು ಇರಬೇಕೆಂದಿಲ್ಲ. ಹಿಂದಿನ ದಿನವೇ ಎಲ್ಲವನ್ನೂ ಒಮ್ಮೆ ತೆರೆದು, ಸಬ್‌ಟೈಟಲ್ ಬರುತ್ತದೆಯೇ ಎಂದು ನೋಡಬೇಕು. ಕೈಕೊಟ್ಟರೆ ಇರಲೆಂದು ಯಾವ ಹೊತ್ತಿಗೂ ಒಗ್ಗುವ ಒಂದು ಹಗುರ ಚಿತ್ರ ಬಳಿಯಲ್ಲಿರಬೇಕು. ‘ಸ್ಟಾರ್ ಟ್ರೆಕ್’ನಂಥ ಧಾರಾವಾಹಿಯ ನಟರನ್ನು ನಿಜವಾದ ಗಗನಯಾತ್ರಿಗಳೆಂದೇ ನಂಬಿ ಅನ್ಯಗ್ರಹದವರು ಕರೆದೊಯ್ಯುವ ‘ಗ್ಯಾಲಕ್ಸಿ ಕ್ವೆಸ್ಟ್’ (1999) ಆ ಕೆಲಸಕ್ಕೆ ತಕ್ಕದ್ದು. ಮನೆಮಂದಿ, ಗೆಳೆಯರು ಸೇರಿ ನೋಡಿದರೆ ಯಾರ ಅಪ್ಪಣೆಯೂ ಬೇಡ. ಕಾಲೇಜು ಸಂಘವೋ ಬಡಾವಣೆಯ ಫಿಲಂ ಸೊಸೈಟಿಯೋ ಸಭಾಂಗಣದಲ್ಲಿ ನಡೆಸುವುದಾದರೆ ಮಾತು ಬೇರೆ: ಒಟಿಟಿ ಚಂದಾ ಖಾಸಗಿ ವೀಕ್ಷಣೆಗೆ ಮಾತ್ರ, ಪ್ರತಿ ಚಿತ್ರಕ್ಕೂ ಪ್ರದರ್ಶನದ ಹಕ್ಕುಳ್ಳವರ ಅನುಮತಿ ಬೇಕು. ಅನುಮತಿ ಬರಲು ವಾರಗಳೇ ಹಿಡಿಯಬಹುದಾದ್ದರಿಂದ ಹನ್ನೆರಡರ ಜಾಗಕ್ಕೆ ಹದಿನೈದು ಚಿತ್ರಗಳಿಗೆ ಪತ್ರ ಬರೆದು, ಒಪ್ಪಿಗೆ ಸಿಕ್ಕವುಗಳಿಂದ ಸರದಿಯನ್ನು ಮತ್ತೊಮ್ಮೆ ಕಟ್ಟುವುದು ಜಾಣತನ.